ಆಟಿ ಕಳೆಂಜನೂ ಅತಿಥಿಗಳೂ

ತುಳುವರ ಸೌರಮಾನದ ತಿಂಗಳುಗಳಲ್ಲಿ ಆಟಿಯೆಂಬುದು ಕರ್ಕಾಟಕಮಾಸಕ್ಕೆ ಸರಿಯಾದುದು. ಇಂಗ್ಲಿಷ್ ಲೆಕ್ಕದಲ್ಲಿ ಜುಲೈ ತಿಂಗಳ ನಡುವಿನಿಂದ ಆಗಸ್ಟ್ ತಿಂಗಳ ನಡುವಿನವರೆಗೆ ಬರುವುದು. ಏಣೆಲು ಬೆಳೆಯ ನೇಜಿ ನಟ್ಟು ಮುಗಿದು, ಕೊಯ್ಲು ಇನ್ನೂ ದೂರವಿದ್ದು, ಹಿಂದಿನ ವರ್ಷದ ಅಕ್ಕಿಮುಡಿಗಳು ಬರಿದಾಗುತ್ತ ಬಂದ ಈ ಕಾಲವು ಪೂರ್ವದಲ್ಲಿ ಕರಾವಳಿಯ ಬಡ ಒಕ್ಕಲುಗಳಿಗೆ ಹಸಿವಿನ ಕಾಲವಾಗಿತ್ತು. ಮದುವೆ ಮುಂತಾದ ಶುಭಕಾರ್ಯಗಳು ನಿಲ್ಲುತ್ತಿದ್ದವು. ಹೊಸ ಮದುಮಗಳು ತವರಿಗೆ ಹೋಗುತ್ತಿದ್ದಳು. ತಗಚೆಸೊಪ್ಪು, ಕೆಸುವಿನ ಎಲೆ, ಕಣಿಲೆ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹುರುಳಿ, ಇವುಗಳಿಂದ ಮನೆಯಾಕೆ ಒಲೆಯ ಮರ್ಯಾದೆಯನ್ನು ಕಾಪಾಡಬೇಕಾಗಿತ್ತು. ಅಮಾವಾಸ್ಯೆಯಂದು ನಸುಕಿನಲ್ಲಿಯೇ ಹಾಲೆಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಅದರ ಕಷಾಯವನ್ನು ಕುಡಿದು, ಮೆಂತೆಯ ಗಂಜಿಯನ್ನು ಉಣ್ಣುವ ಪದ್ಧತಿಯು ಇಂದಿಗೂ ಉಳಿದಿದೆ. ಆ ತಿಂಗಳಲ್ಲಿಯೇ ಆಟಿ ಕಳೆಂಜನು ಮನೆಮನೆಗೆ ಬರುತ್ತಿದ್ದನು.

ಈಗ ಅದೇ ಮಾಸವು ಮಂಗಳೂರು ನಗರದಲ್ಲಿ ಔತಣಗಳ ಮಾಸವಾಗಿದೆ. ‘ಆಟಿಡೊಂಜಿ ದಿನ’, ಎಂದರೆ ಆಟಿಯಲ್ಲಿ ಒಂದು ದಿನ, ಎಂಬ ಹೆಸರಿನಿಂದ ಸಂಘಸಂಸ್ಥೆಗಳೂ ಕಾಲೇಜುಗಳೂ ಮಹಿಳಾಮಂಡಲಗಳೂ ಸಭಾಮಂದಿರಗಳಲ್ಲಿ ಸಮಾರಂಭಗಳನ್ನು ನಡೆಯಿಸುತ್ತವೆ. ಮುಂಬಯಿಯಲ್ಲಿಯೂ ಕೊಲ್ಲಿಯ ನಾಡುಗಳಲ್ಲಿಯೂ ನೆಲಸಿದ ತುಳುವರು ಇದನ್ನು ಬಿಡರು. ದೀಪ ಬೆಳಗುವುದು, ಸ್ವಾಗತ, ಭಾಷಣ, ಕಳಸೆ ಸೇರು ನೊಗ ನೇಗಿಲುಗಳ ಪ್ರದರ್ಶನ, ಚೆನ್ನೆಮಣೆಯ ಆಟ, ವೇದಿಕೆಯ ಮೇಲೆ ಕಳೆಂಜನ ಕುಣಿತ, ಕೊನೆಗೆ ಪತ್ರೊಡೆ ಮೊದಲಾದವುಗಳ ಭೋಜನ—ಕ್ರಮವು ಹೆಚ್ಚುಕಡಮೆ ಎಲ್ಲೆಡೆಯೂ ಒಂದೇ. ಬಡತನದ ಅಡುಗೆಯು ಬಾಳೆಲೆಯ ಮೇಲೆ ಸಾಲುಸಾಲಾಗಿ ಬಂದು ಮೃಷ್ಟಾನ್ನವಾಗುವುದು ಸ್ವಲ್ಪ ವಿನೋದದ ಸಂಗತಿಯೇ ಸರಿ. ಆದರೆ ಅದನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಕಳೆಂಜನ ಹಾಡೆಂಬ ವಾಙ್ಮಯಕ್ಕೆ ಈ ಸ್ಥಳಾಂತರದಿಂದ ಏನಾಯಿತೆಂಬುದು ಪ್ರಕೃತ ವಿಚಾರ.

ಊಟವೂ ಕುಣಿತವೂ ಹೀಗೆ ಒಂದಾಗಿ ಅತಿಥಿಗಳ ಮುಂದೆ ಬರುವ ಸಂದರ್ಭಕ್ಕೆ ಲೋಕದಲ್ಲಿ ಪ್ರಸಿದ್ಧವಾದ ನಿದರ್ಶನವು ಹವಾಯಿ ದ್ವೀಪಗಳ ‘ಲುವಾವ್’ ಔತಣ. ಈ ಹೋಲಿಕೆ ದೂರದ್ದಾಗಿ ತೋರಿದರೂ ಹೆಸರಿನಲ್ಲಿಯೇ ಒಂದು ನಂಟು ಸಿಕ್ಕುವುದು. ಆ ದ್ವೀಪವಾಸಿಗಳ ನುಡಿಯಲ್ಲಿ ಲುವಾವ್ ಎಂದರೆ ಕೆಸುವಿನ ಎಳೆಯ ಎಲೆ; ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ವ್ಯಂಜನಕ್ಕೂ ಅದೇ ಹೆಸರು; ವ್ಯಂಜನದ ಹೆಸರು ಕಾಲಕ್ರಮದಲ್ಲಿ ಔತಣಕ್ಕೆ ನಿಂತಿತು. ಮಂಗಳೂರಿನ ಪತ್ರೊಡೆಯೂ ಕೆಸುವಿನ ಎಲೆಯದೇ. ಅಕ್ಕಿಯನ್ನೂ ಮಸಾಲೆಯನ್ನೂ ಅರೆದ ಹಿಟ್ಟನ್ನು ಎಲೆಗಳಿಗೆ ಬಳಿದು, ಪದರಪದರವಾಗಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವರು. ಹುಣಸೆಯ ಹುಳಿ ಸಾಲದೆ ಹೋದರೆ ಎಲೆಯು ಗಂಟಲನ್ನು ತುರಿಸದೆ ಬಿಡದು. ಹವಾಯಿಯ ಪುರಾಣದಂತೆ ಕೆಸುವು ಮನುಷ್ಯನಿಗೆ ಅಣ್ಣನಾಗಬೇಕು. ಆ ನಾಡಿನ ಒಂದು ಊಟವಂತೂ ಚರಿತ್ರೆಯನ್ನೇ ತಿರುಗಿಸಿತು: ಗಂಡಸರೂ ಹೆಂಗಸರೂ ಜತೆಗೂಡಿ ಉಣ್ಣಬಾರದೆಂಬ ಕಟ್ಟು ಅಲ್ಲಿ ಬಲವಾಗಿದ್ದಾಗ, 1819ರಲ್ಲಿ ಎರಡನೆಯ ಕಮೆಹಮೆಹಾ ಅರಸನು ಸ್ತ್ರೀಯರ ಪಂಕ್ತಿಯಲ್ಲಿ ಕುಳಿತು ಉಂಡನು, ಅಂದಿನಿಂದ ಹಳೆಯ ಮಡಿವಂತಿಕೆಯ ಕಟ್ಟಳೆಗಳೆಲ್ಲ ಕುಸಿದವು. ಅಂದಿನ ಊಟ ನೋಟಕ್ಕಾಗಿ ನಡೆದುದಲ್ಲ, ಅದೇ ಒಂದು ಕಾರ್ಯ. ಇಂದಿನ ಪ್ರವಾಸಿಯ ಲುವಾವಿನಲ್ಲಿ ನೆಲದ ಕುಳಿಯಲ್ಲಿ ಬೆಂದ ಹಂದಿಯನ್ನು ಅತಿಥಿಗಳೆದುರು ಹೊರತೆಗೆಯುವುದೂ ಅನಂತರದ ಹುಲಾ ನರ್ತನವೂ ನೋಟಗಳಾಗಿವೆ. ಕಾರ್ಯವು ನೋಟವಾಗುವ ಈ ಮಾರ್ಪಾಡೇ ಮಂಗಳೂರಿನ ಪ್ರಶ್ನೆಯೂ ಹೌದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ಹವಾಯಿಯ ಅತಿಥಿ ಕಡಲಾಚೆಯಿಂದ ಬಂದವನು. ಆಟಿಯ ಸಭೆಯ ಅತಿಥಿಯು ಬಹುಮಟ್ಟಿಗೆ ನಗರದ ತುಳುವನೇ, ತನ್ನ ಅಜ್ಜಿಯ ಅಡುಗೆಮನೆಗೆ ತಾನೇ ಅತಿಥಿಯಾಗಿ ಬಂದವನು.

ಇಂತಹ ಪ್ರದರ್ಶನಗಳನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಮೂರು: ಹಣಕ್ಕಾಗಿ ಆಡುವರು, ಮೊಟಕುಮಾಡುವರು, ಹೊರಗಿನವರಿಗೆ ತೋರಿಸುವರು. ಕಳೆಂಜನ ವಿಷಯದಲ್ಲಿ ಈ ಮೂರೂ ನಿಲ್ಲುವುದಿಲ್ಲ. ನಲಿಕೆ ಜನಾಂಗದ ಕಲಾವಿದನು ಅಂಗಳಕ್ಕೆ ಬರುತ್ತಿದ್ದುದು ಅಕ್ಕಿ, ಭತ್ತ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸುಗಳಿಗಾಗಿಯೇ; ಆ ಪಡಿಯಿಂದಲೇ ಅವನ ಮನೆಯ ಆಟಿ ಕಳೆಯಬೇಕಾಗಿತ್ತು. ಅವನ ಕುಣಿತವೂ ದೀರ್ಘವಾದುದಲ್ಲ. ಮಳೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯಬೇಕಾದವನು ಒಂದೊಂದು ಅಂಗಳದಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲನು? ಇನ್ನು ಹೊರಗಿನವರ ಮಾತು: ಅಂಗಳಕ್ಕೆ ಕಳೆಂಜನೇ ಹೊರಗಿನವನು. ಬರುವವನು ಅವನು, ಇದ್ದು ಕೊಡುವವರು ಮನೆಯವರು. ಆದಕಾರಣ ಹಣ, ಕಾಲ, ಪರಕೀಯತೆ ಎಂಬೀ ಮೂರರ ಮೇಲೆ ಹೊರಿಸಿದ ಅಪರಾಧವನ್ನು ಬೇರೆಡೆಯಲ್ಲಿ ಹುಡುಕಬೇಕಾಗುತ್ತದೆ.

ಅಂಗಳದ ಪ್ರಯೋಗವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣವಾಗಲಿ. ಸೊಂಟಕ್ಕೆ ಎಳೆಯ ತೆಂಗಿನ ಗರಿ, ತಲೆಗೆ ಅಡಕೆಯ ಹಾಳೆಯ ಟೊಪ್ಪಿ, ಮುಖಕ್ಕೆ ಬಣ್ಣ, ಕಾಲಿಗೆ ಗಗ್ಗರ, ಕೈಯಲ್ಲಿ ತಾಳೆಗರಿಯ ಕೊಡೆ: ಇದು ಕಳೆಂಜನ ವೇಷ. ಜತೆಗೆ ಬಂದವರು ತೆಂಬರೆಯನ್ನು ಬಾರಿಸುತ್ತ ಹಾಡುವರು. ಕಳೆಂಜನು ಕೊಡೆಯನ್ನು ತಿರುಗಿಸುತ್ತ ಕುಣಿಯುವನು, ಹಾಡುವನಲ್ಲ. ಹಾಡಿನ ವಸ್ತು ಅವನ ಬರವು. ಆಟಿಯಲ್ಲಿ ಊರಿಗೆ ಬಂದಿರುವ ಮಾರಿಯನ್ನು ಕಳೆಯುವುದಕ್ಕೆ ಅವನು ಬಂದಿದ್ದಾನೆಂಬುದು ಅದರ ತಾತ್ಪರ್ಯ. ವ್ಯಾಕರಣದ ದೃಷ್ಟಿಯಿಂದ ಹಾಡು ಕಳೆಂಜನನ್ನು ಪ್ರಥಮಪುರುಷದಲ್ಲಿ ನಿಲ್ಲಿಸಿ ಅವನ ಕಥೆಯನ್ನು ಹೇಳುತ್ತದೆ. ಆದರೆ ಅದರ ಮುಖವಿರುವುದು ಮಧ್ಯಮಪುರುಷದ ಕಡೆಗೆ. ‘ಕಳೆಂಜ ಬಂದಿದ್ದಾನೆ’ ಎಂಬ ವಾಕ್ಯಕ್ಕೆ ‘ನೀವು ಏನು ಮಾಡುವಿರಿ’ ಎಂಬುದು ಧ್ವನಿ. ಈ ಧ್ವನಿಯನ್ನು ಕೇಳಿದ ಗೃಹಿಣಿಯು ಒಳಗೆ ಹೋಗಿ ಗೆರಸೆಯಲ್ಲಿ ಪಡಿಯನ್ನು ತರುವಳು. ಅರಸಿನ, ಇದ್ದಿಲುಗಳನ್ನೂ ತರುವಳು. ಅವುಗಳಿಂದ ಮನೆಯ ಮಾರಿಯನ್ನು ನಿವಾಳಿಸಿ ಕಳೆಯುವುದಾಗುವುದು. ಅಂದರೆ ಹಾಡಿನ ಉತ್ತರಾರ್ಧವು ಹಾಡುವವನ ನಾಲಗೆಯಲ್ಲಿ ಇಲ್ಲ, ಕೇಳಿದವಳ ಕೈಯಲ್ಲಿದೆ. ಗೆರಸೆ ಬಾರದಿದ್ದರೆ ಹಾಡು ಮುಗಿಯಿತೆನ್ನುವಂತಿಲ್ಲ, ಅರ್ಧಕ್ಕೆ ನಿಂತಿತೆನ್ನಬೇಕು. ಆಲಂಕಾರಿಕರು ವ್ಯಂಜನಾವ್ಯಾಪಾರವನ್ನು ವಿವರಿಸುವಾಗ ವಕ್ತೃವಿನ ವಿಶೇಷದೊಡನೆ ಬೋದ್ಧವ್ಯನ, ಎಂದರೆ ಯಾರನ್ನು ಕುರಿತು ಹೇಳಿತೋ ಅವನ, ವಿಶೇಷವನ್ನೂ ಎಣಿಸಿದ್ದಾರೆ. ಜನಪದ ವಾಙ್ಮಯದ ವಿಮರ್ಶೆಯಲ್ಲಿ ಈ ಎರಡನೆಯದು ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಗಿದೆ.

ವೇದಿಕೆಗೆ ಬಂದೊಡನೆ ಕೆಡುವುದು ಈ ಬೋದ್ಧವ್ಯನ ಸ್ಥಾನವೇ. ಸಭೆಯಲ್ಲಿ ಕುಳಿತವರು ಮನೆಯವರಲ್ಲ. ಅವರಿಗೆ ಅಂಗಳವಿಲ್ಲ, ಕಳೆಯಬೇಕಾದ ಮಾರಿಯಿಲ್ಲ, ಕೊಡಬೇಕಾದ ಪಡಿಯಿಲ್ಲ. ಅವರಿಗೆ ಉಳಿದಿರುವ ಕೆಲಸ ಚಪ್ಪಾಳೆಯೊಂದೇ. ಹಾಡು ಪ್ರಥಮಪುರುಷದ ಕಥೆಯಾಗಿಯೇ ಉಳಿಯುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಒಂದು ಹೊಸ ವಾಙ್ಮಯವು ಹುಟ್ಟಿಕೊಂಡಿದೆ. ಅದು ನಿರೂಪಕರ ವಿವರಣೆ. ಕಳೆಂಜನೆಂದರೆ ಯಾರು, ಅವನ ಕೊಡೆ ಯಾವುದರದು, ನಮ್ಮ ಹಿರಿಯರು ಎಷ್ಟು ಜಾಣರಾಗಿದ್ದರು, ಹಾಲೆಯ ಕಷಾಯದಲ್ಲಿ ಯಾವ ಔಷಧಗುಣವಿದೆ ಎಂಬೀ ವಿಷಯಗಳನ್ನು ಧ್ವನಿವರ್ಧಕದಲ್ಲಿ ಹೇಳುವ ಈ ಗದ್ಯವು ಅನೇಕ ವೇಳೆ ತೆಂಬರೆಯ ಹಾಡನ್ನೇ ಮುಚ್ಚಿಬಿಡುವುದುಂಟು. ಹಾಡು ನಿರೂಪಣೆಯ ಹಿನ್ನೆಲೆಯಾಗುತ್ತದೆ, ಕುಣಿತ ಅದರ ಚಿತ್ರವಾಗುತ್ತದೆ. ವಿಮರ್ಶಕರು ಈ ನಿರೂಪಣಾಗದ್ಯವನ್ನು ಸಾಹಿತ್ಯವೆಂದೆಣಿಸದೆ ಬಿಟ್ಟಿರುವುದು ಸರಿಯಲ್ಲ. ಇಂದಿನ ಕಳೆಂಜಪ್ರಯೋಗದಲ್ಲಿ ಸಭಿಕನನ್ನು ನೇರವಾಗಿ ಸಂಬೋಧಿಸುವ ಮಾತು ಅದೊಂದೇ. ಮಧ್ಯಮಪುರುಷವು ಹಾಡಿನಿಂದ ಹೊರಟು ಅಲ್ಲಿ ಮನೆಮಾಡಿಕೊಂಡಿದೆ.

ಹೊನೊಲುಲು ನಗರದಲ್ಲಿ 1937ರಿಂದ 2002ರವರೆಗೆ ನಡೆದ ಕೊಡಾಕ್ ಹುಲಾ ಪ್ರದರ್ಶನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಛಾಯಾಚಿತ್ರದ ಸುರುಳಿಗಳನ್ನು ಮಾರುವ ಕಂಪೆನಿಯ ಆಶ್ರಯದಲ್ಲಿ, ಚಿತ್ರ ತೆಗೆಯಲು ಬೆಳಕು ಬೇಕೆಂಬ ಕಾರಣದಿಂದ, ಅದು ಹಗಲಿನಲ್ಲಿಯೇ ನಡೆಯುತ್ತಿತ್ತು. ಅದರಲ್ಲಿ ನರ್ತಕಿಯರು ಒಬ್ಬೊಬ್ಬರು ಒಂದೊಂದು ಅಕ್ಷರದ ಫಲಕವನ್ನು ಎತ್ತಿಹಿಡಿದು ದ್ವೀಪದ ಹೆಸರನ್ನು ಬರೆದು ತೋರಿಸುತ್ತಿದ್ದರು. ನರ್ತನವು ತನ್ನ ಹೆಸರಿನ ಫಲಕವನ್ನು ತಾನೇ ಹಿಡಿಯಬೇಕಾಗಿ ಬಂದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಹುಲಾ ನರ್ತನಕ್ಕೆ ಮೂಲವು ‘ಮೆಲೆ’ ಎಂಬ ಪದ್ಯ. ಕೈಯ ಚಲನೆಯು ಆ ಪದ್ಯದ ಶಬ್ದಗಳಿಗೆ ವ್ಯಾಖ್ಯಾನ. ಶಬ್ದವನ್ನರಿಯದ ನೋಟಕನಿಗೆ ಮೂಲವಿಲ್ಲದ ವ್ಯಾಖ್ಯಾನವಷ್ಟೇ ದೊರೆಯುವುದು.

ಹಾಗೆಂದು ದೋಷವನ್ನು ವೇದಿಕೆಯ ಮೇಲೆ ಹೊರಿಸುವುದೂ ದುಡುಕಾದೀತು. 1830ರಲ್ಲಿ ಕಅಹುಮನು ರಾಣಿಯು ಬಹಿರಂಗವಾದ ಹುಲಾ ನರ್ತನವನ್ನು ನಿಷೇಧಿಸಿದ್ದಳು; 1896ರಲ್ಲಿ ಶಾಲೆಗಳ ಬೋಧನೆಯಿಂದ ಹವಾಯಿ ಭಾಷೆಯನ್ನು ಹೊರಹಾಕಿದರು. ಅದೇ ಭಾಷೆಗೆ 1978ರಲ್ಲಿ ರಾಜ್ಯಭಾಷೆಯ ಸ್ಥಾನ ದೊರೆಯಿತು. ಈ ನಡುವೆ 1971ರಿಂದ ಹಿಲೊ ಪಟ್ಟಣದ ಉತ್ಸವದಲ್ಲಿ ಹುಲಾ ಸ್ಪರ್ಧೆಯು ಆರಂಭವಾಯಿತು. ಅಲ್ಲಿಯೂ ವೇದಿಕೆಯಿದೆ, ಟಿಕೆಟ್ಟಿದೆ, ಕಾಲದ ಮಿತಿಯಿದೆ. ಆದರೆ ಎದುರಿಗೆ ಕುಳಿತವರಲ್ಲಿ ಪದ್ಯವನ್ನು ಬಲ್ಲವರಿದ್ದಾರೆ, ತಪ್ಪಿದರೆ ತಪ್ಪೆಂದು ಹೇಳಬಲ್ಲ ಗುರುಗಳಿದ್ದಾರೆ. ಕೊಡಾಕ್ ಪ್ರದರ್ಶನಕ್ಕೂ ಹಿಲೊ ಸ್ಪರ್ಧೆಗೂ ಇರುವ ಅಂತರವು ಅಂಗಳಕ್ಕೂ ವೇದಿಕೆಗೂ ಇರುವ ಅಂತರವಲ್ಲ. ಉತ್ತರ ಕೊಡಬಲ್ಲ ಕೇಳುಗನಿಗೂ ಕೊಡಲಾರದ ಕೇಳುಗನಿಗೂ ಇರುವ ಅಂತರ.

ಮಂಗಳೂರಿನ ಯಕ್ಷಗಾನದಲ್ಲಿಯೂ ಇದೇ ಭೇದವನ್ನು ಗುರುತಿಸಬಹುದು. ಪಣಂಬೂರಿನ ನವಮಂಗಳೂರು ಬಂದರಿಗೆ ವಿಲಾಸನೌಕೆಗಳು ಬಂದಾಗ ಯಾತ್ರಿಕರನ್ನು ಯಕ್ಷಗಾನದ ವೇಷಗಳೂ ಚೆಂಡೆಯೂ ಸ್ವಾಗತಿಸುವುದುಂಟು. ಅಲ್ಲಿ ಕಿರೀಟವಿದೆ, ಪ್ರಸಂಗವಿಲ್ಲ. ಅದನ್ನು ಆಟವೆಂದು ಯಾರೂ ಭ್ರಮಿಸರು, ತೋರಣವೆಂದು ಎಣಿಸಿದರೆ ತೀರಿತು. ವಿಚಾರಕ್ಕೆ ಅರ್ಹವಾದುದು ಪರಸ್ಥಳದವರಿಗಾಗಿ ಗಂಟೆ ಎರಡು ಗಂಟೆಗೆ ಇಳಿಸಿದ ಪ್ರಸಂಗ. ಇಲ್ಲಿ ಮೊದಲು ಹೋಗುವುದು ಕೋಡಂಗಿ, ಬಾಲಗೋಪಾಲರ ಪೂರ್ವರಂಗ, ಅನಂತರ ಅರ್ಥಗಾರಿಕೆ. ಉಳಿಯುವುದು ಪಂಜಿನ ಬೆಳಕಿನಲ್ಲಿ ಬರುವ ಮಹಿಷಾಸುರನ ಪ್ರವೇಶ, ಧೀಂಗಿಣ, ಯುದ್ಧ. ಅರ್ಥವಾದರೋ ಎದುರು ಪಾತ್ರಕ್ಕೂ ಸಭೆಗೂ ಆ ಕ್ಷಣದಲ್ಲಿ ಹುಟ್ಟುವ ಉತ್ತರ; ಅದು ಹೋದರೆ ಪಾರ್ತಿಸುಬ್ಬನ ಪದ್ಯವು ಉತ್ತರವಿಲ್ಲದ ಪ್ರಶ್ನೆಯಾಗುತ್ತದೆ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ರೂಪಕಗಳಲ್ಲಿ ಮಾತನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿದರು. ‘ಯಕ್ಷಗಾನ ಬಯಲಾಟ’ವೆಂಬ ಶಾಸ್ತ್ರಗ್ರಂಥವನ್ನು ಬರೆದು 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ವಿದ್ವಾಂಸರು ಅರಿಯದೆ ಮಾಡಿದ ಕೆಲಸವಲ್ಲ ಅದು. ಕನ್ನಡವನ್ನರಿಯದ ನೋಟಕನಿಗೆ ರಾಗ, ನೃತ್ಯ, ವರ್ಣಗಳ ಮೂಲಕವೇ ರಸವನ್ನು ಮುಟ್ಟಿಸಬೇಕೆಂದು ಅವರು ಬೇರೊಂದು ಕೃತಿಯನ್ನೇ ಕಟ್ಟಿದರು. ಅದು ಮೊಟಕಾದ ಬಯಲಾಟವಲ್ಲ, ಸ್ವತಂತ್ರವಾದ ರೂಪಕ. ಅದನ್ನು ಒಪ್ಪುವುದೂ ಬಿಡುವುದೂ ರಸಿಕರ ಇಚ್ಛೆ. ಆದರೆ ಮಾತನ್ನು ಸಮಯದ ಅಭಾವದಿಂದ ಕತ್ತರಿಸುವುದಕ್ಕೂ ಒಂದು ಸಿದ್ಧಾಂತದಿಂದ ಬಿಡುವುದಕ್ಕೂ ಇರುವ ಭೇದವನ್ನು ಮರೆತು ಅವರ ಹೆಸರನ್ನು ಪ್ರತಿಯೊಂದು ಕತ್ತರಿಗೂ ಪ್ರಮಾಣವಾಗಿ ತರುವುದು ಅನ್ಯಾಯ.

ಇದಕ್ಕೆ ಪ್ರತಿಯಾಗಿ ಹರಕೆಯ ಆಟವನ್ನು ನೋಡಬೇಕು. 2022ರಲ್ಲಿ ಕಟೀಲಿನ ಮೇಳಗಳು ರಾತ್ರಿಯಿಡೀ ಆಡುವುದನ್ನು ಬಿಟ್ಟು ಕಾಲಮಿತಿಗೆ ತಿರುಗಿದಾಗ ಭಕ್ತರಲ್ಲಿ ಅನೇಕರು ವಿರೋಧಿಸಿದರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ತಡೆಯುವ 2000ದ ನಿಯಮವು ಆ ಬದಲಾವಣೆಗೆ ಕಾರಣವಾಗಿತ್ತು. ವಿರೋಧಿಸಿದವರಲ್ಲಿ ಬೆಳಗಿನ ಜಾವಕ್ಕೆ ಕುರ್ಚಿಯಲ್ಲಿಯೇ ನಿದ್ದೆಹೋಗುವವರೂ ಇದ್ದಿರಬಹುದು. ಅದರಿಂದ ಅವರ ವಾದ ದುರ್ಬಲವಾಗುವುದಿಲ್ಲ. ಹರಕೆಯ ಆಟದ ಬೋದ್ಧವ್ಯಳು ದೇವಿ. ಸಭಿಕನು ನಿದ್ರಿಸಿದರೂ ಆಟವು ಯಾರನ್ನು ಕುರಿತು ನಡೆಯುತ್ತಿದೆಯೋ ಆಕೆ ಎಚ್ಚರವಾಗಿಯೇ ಇರುವಳೆಂಬ ನಂಬಿಕೆಯ ಮೇಲೆ ಅದರ ದೀರ್ಘತೆ ನಿಂತಿದೆ.

ಕೇಳುಗನು ಪರದೇಶದವನಾದರೆ ಹಾಡು ಕುಗ್ಗಲೇಬೇಕೆಂಬ ನಿಯಮವೂ ಇಲ್ಲ. ಇದಕ್ಕೆ ಸಿರಿಯ ಪಾಡ್ದನವೇ ಸಾಕ್ಷಿ. ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹೊಂಕೊ ಅವರ ತಂಡದ ಮುಂದೆ ಸಿರಿಯ ಕಥೆಯನ್ನು ಹಾಡಿದರು; 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಾಯಿತು. ಆಚರಣೆಯಲ್ಲಾಗಲಿ ಗದ್ದೆಯ ಕೆಲಸದಲ್ಲಾಗಲಿ ಕಥೆಯನ್ನು ಇಷ್ಟು ಹಬ್ಬಿಸಿ ಹಾಡುವ ಸಂದರ್ಭವೇ ಬಾರದು. ತುಳುವನ್ನು ಮಾತನಾಡದ ದೂರದೇಶದ ಅತಿಥಿಯು ಎದುರಿಗೆ ಕುಳಿತುದರಿಂದಲೇ ಪಾಡ್ದನವು ತನ್ನ ಪೂರ್ಣವಾದ ಉದ್ದಕ್ಕೆ ಬೆಳೆಯಿತು. ಆ ಅತಿಥಿಗೆ ಗಡಿಯಾರದ ತೊಂದರೆಯಿರಲಿಲ್ಲ. ಮುಂದೇನಾಯಿತೆಂಬ ಪ್ರಶ್ನೆಯಿತ್ತು, ಎಷ್ಟು ದಿನವಾದರೂ ಕುಳಿತಿರುವ ತಾಳ್ಮೆಯಿತ್ತು. ಅವನ ಪ್ರಶ್ನೆ ಗೃಹಿಣಿಯ ಗೆರಸೆಯಂತಹದಲ್ಲ. ಆದರೆ ಅದೂ ಒಂದು ಬಗೆಯ ಪಡಿಯೇ.

ಸಾಹಿತ್ಯದ ಅಧ್ಯಾಪಕರು ಈ ಪ್ರಕರಣದಿಂದ ಸಮಾಧಾನಪಟ್ಟುಕೊಂಡು ಕುಳಿತುಕೊಳ್ಳುವಂತಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರ್ ಅವರ ಸಂಗ್ರಹ ‘ಪಾಡ್ದನೊಳು’ ಹೊರಬಂದಂದಿನಿಂದ ತುಳುವಿನ ಹಾಡುಗಳು ಇನ್ನೊಂದು ಸಭಾಮಂದಿರಕ್ಕೆ ಬಂದಿವೆ. ಅದು ಅಚ್ಚಿನ ಪುಟ. ಉಪಕಾರವು ದೊಡ್ಡದು, ಸಂದೇಹವಿಲ್ಲ. ಆದರೆ ತರಗತಿಯಲ್ಲಿ ಇಂತಹ ಹಾಡನ್ನು ಓದಿಸುವಾಗ ಅದರ ಛಂದಸ್ಸು, ಪುನರುಕ್ತಿ, ಉಪಮಾನಗಳನ್ನು ಹೇಳಿ, ಅದನ್ನು ಯಾರು ಯಾರ ಎದುರು ಯಾವುದನ್ನು ಬೇಡಿ ಹಾಡುತ್ತಿದ್ದರೆಂಬುದನ್ನು ಅಡಿಟಿಪ್ಪಣಿಗೆ ಬಿಡುವ ರೂಢಿಯುಂಟು. ಹಾಗೆ ಮಾಡಿದ ಅಧ್ಯಾಪಕನು ಆಟಿಯ ಸಭೆಯ ನಿರೂಪಕನನ್ನು ನೋಡಿ ನಗುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕಳೆಂಜನ ಹಾಡಿನ ಪಾಠವನ್ನು ಅಚ್ಚುಮಾಡುವವರು ಎಲ್ಲಿ ಗೆರಸೆ ಬಂತು, ಎಲ್ಲಿ ಹಾಡು ಅದಕ್ಕಾಗಿ ಕಾದು ನಿಂತಿತು ಎಂಬುದನ್ನು ಸಾಲುಗಳ ನಡುವೆಯೇ ಗುರುತಿಸಬೇಕು; ನಾಟಕದಲ್ಲಿ ಪ್ರವೇಶ ನಿಷ್ಕ್ರಮಣಗಳನ್ನು ಗುರುತಿಸುವಂತೆ.

ಇನ್ನೊಂದು ಮಾತು ಉಳಿದಿದೆ. ವಿದ್ವಾಂಸರು ಅದನ್ನು ಸುಲಭವಾಗಿ ದಾಟಿಹೋಗುವರು. ನಲಿಕೆಯವರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸೇರಿದವರು. ಅಂಗಳದಲ್ಲಿ ನಿಂತು ಪಡಿಯನ್ನು ಪಡೆಯುವುದರಲ್ಲಿ ಹಾಡಿನ ಸೌಂದರ್ಯವಿದ್ದಂತೆ ಮೆಟ್ಟಿಲನ್ನೇರಬಾರದೆಂಬ ಅಪಮಾನವೂ ಇತ್ತು. ಹಾಡಿಗೆ ಬೋದ್ಧವ್ಯನು ದೊರೆಯಲೆಂದು ಒಬ್ಬನು ಮಳೆಯಲ್ಲಿ ಹಸಿದು ನಡೆಯುತ್ತಿರಬೇಕೆಂದು ಬಯಸುವ ವಿಮರ್ಶೆಯು ವಿಮರ್ಶೆಯೇ ಅಲ್ಲ. ವೇದಿಕೆಯು ಅವನಿಗೆ ಸಂಭಾವನೆಯನ್ನೂ ಶಾಲನ್ನೂ ಕೊಡುವುದಾದರೆ ಅದು ಲಾಭವೇ. ಆದರೆ ಅನೇಕ ಸಭೆಗಳಲ್ಲಿ ಕಳೆಂಜನ ವೇಷವನ್ನು ಕಟ್ಟುವವರು ಕಾಲೇಜಿನ ವಿದ್ಯಾರ್ಥಿಗಳು. ದೈವದ ವೇಷವನ್ನು ಹೀಗೆ ಅನುಕರಿಸಹೊರಟರೆ ಊರು ತಡೆಯುತ್ತದೆ. 2022ರ ‘ಕಾಂತಾರ’ ಚಲನಚಿತ್ರದ ಅನಂತರ ಆ ತಡೆಯು ಮತ್ತಷ್ಟು ಬಿಗಿಯಾಯಿತು. ಕಳೆಂಜನಾದರೋ ಅರ್ಧ ದೈವ, ಅರ್ಧ ಯಾಚಕ. ದೈವಕ್ಕಿರುವ ರಕ್ಷೆಯು ಅವನಿಗಿಲ್ಲ. ಯಾರು ಬೇಕಾದರೂ ಗರಿಯನ್ನುಟ್ಟು ಅವನಾಗಬಹುದು. ಹೀಗೆ ಬೋದ್ಧವ್ಯನು ಹೋದ ದಾರಿಯಲ್ಲಿ ವಕ್ತೃವೂ ಹೋಗುತ್ತಿದ್ದಾನೆ. ಪಿಲಿಕುಳದ ನಿಸರ್ಗಧಾಮದಲ್ಲಿ ಗುತ್ತಿನ ಮನೆಯೊಂದನ್ನು ಹಳೆಯ ಮಾದರಿಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅಂಗಳವನ್ನು ಮರಳಿ ಕಟ್ಟುವುದು ಅಷ್ಟು ಕಷ್ಟವಲ್ಲವೆಂಬುದು ಅದರಿಂದ ತಿಳಿಯುವುದು. ಅಂಗಳಕ್ಕೆ ಬರತಕ್ಕವನ ಮಾತು ಬೇರೆ.

ಕೆಲವು ಆಟಿಯ ಸಭೆಗಳಲ್ಲಿ ಕಳೆಂಜನ ಕುಣಿತ ನಡೆಯುತ್ತಿರುವಾಗ ಮಹಿಳೆಯರಲ್ಲೊಬ್ಬರು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಸಿನಗಳನ್ನು ಹಿಡಿದು ವೇದಿಕೆಗೆ ಬರುವ ಕ್ರಮವುಂಟು. ನೋಡಿದವರು ಅದನ್ನು ಅಭಿನಯವೆಂದು ಎಣಿಸುವರು, ಅಭಿನಯವಾಗಿರಲೂಬಹುದು. ಅದನ್ನು ನಿರ್ಣಯಿಸಬೇಕೆಂದಿರುವ ವಿಮರ್ಶಕನು ಚಪ್ಪಾಳೆಯಾದೊಡನೆ ಊಟದ ಪಂಕ್ತಿಗೆ ಧಾವಿಸದೆ ಸ್ವಲ್ಪ ಹೊತ್ತು ವೇದಿಕೆಯ ಹಿಂದೆ ನಿಂತು, ಆ ಅಕ್ಕಿಯು ಕಳೆಂಜನ ಚೀಲಕ್ಕೆ ಹೋಯಿತೋ ಸಭಾಮಂದಿರದ ಅಡುಗೆಮನೆಗೆ ಹಿಂದಿರುಗಿತೋ ನೋಡಬೇಕು.